ಆಧಿ ಮೊದಲೋ, ವ್ಯಾಧಿ ಮೊದಲೋ

ಮಾಗಡಿ ತಾಲ್ಲೂಕಿನ ಕಲ್ಯದ ಸುತ್ತಮುತ್ತ ಯಾವ ಮನೆಯ ಜಗಲಿಯಲ್ಲಿ ಕೂತು ‘ನಿಮಗೆ ಶುಗರ್ ಹೆಂಗೆ ಬಂತು?’ ಎಂದು ಕೇಳಿದರೂ ಬರುವ ಮೊದಲ ಉತ್ತರ ಬಹುಮಟ್ಟಿಗೆ ಒಂದೇ: ‘ಟೆನ್ಶನ್ ಮಾಡ್ಕೊಂಡೇ ಬಂತು.’ ಮಗಳ ಮದುವೆಯ ಸಾಲ, ಕೋರ್ಟು ಹತ್ತಿದ ಜಮೀನು, ಕುಡಿತಕ್ಕೆ ಬಿದ್ದ ಮಗ, ಹೀಗೆ ಟೆನ್ಶನ್ನಿಗೆ ಹೆಸರುಗಳೂ ಸಿದ್ಧವಾಗಿರುತ್ತವೆ. ಕೇಳಿಸಿಕೊಂಡವರ ಸಲಹೆಯೂ ಅಷ್ಟೇ ಸಿದ್ಧ: ‘ಯೋಚ್ನೆ ಬಿಡಕ್ಕ, ಅರ್ಧ ಕಾಯಿಲೆ ಅಲ್ಲೇ ವಾಸಿಯಾಗುತ್ತೆ.’ ಇದು ಓದು ಬರಹ ಇಲ್ಲದವರ ನಂಬಿಕೆ ಎಂದುಕೊಳ್ಳಬೇಡಿ. ಬೆಂಗಳೂರಿನ ಕಚೇರಿಗಳಲ್ಲಿ ಕೂತವರು ಇದನ್ನೇ ‘ಸ್ಟ್ರೆಸ್’ ಎನ್ನುತ್ತಾರೆ. ಎಷ್ಟೋ ವೈದ್ಯರೂ ಚೀಟಿ ಬರೆದುಕೊಟ್ಟ ಮೇಲೆ ಇದೇ ಮಾತು ಹೇಳಿ ಕಳಿಸುತ್ತಾರೆ. ಈ ಮಾತಿನಲ್ಲಿ ನಿಜವಿದೆ. ಆದರೆ ಆ ನಿಜಕ್ಕೆ ಅಂಟಿಕೊಂಡು ಒಂದು ಗೊಂದಲವೂ ಬಂದಿದೆ, ಅದು ಜನರ ಆರೋಗ್ಯವನ್ನೇ ಕೆಡಿಸುತ್ತಿದೆ ಎಂಬುದು ನನ್ನ ವಾದ.

ಮೊದಲು ಈ ನಂಬಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲಿಸೋಣ. ಮೈಯನ್ನೂ ಮನಸ್ಸನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಅಭ್ಯಾಸ ನಮ್ಮ ನುಡಿಗಿಲ್ಲ. ಮನಸ್ಸಿನ ನೋವಿಗೆ ಆಧಿ, ಮೈಯ ನೋವಿಗೆ ವ್ಯಾಧಿ ಎಂದು ಎರಡು ಹೆಸರಿದ್ದರೂ ಬಳಕೆಯಲ್ಲಿ ಅವು ಆಧಿವ್ಯಾಧಿ ಎಂದು ಜೋಡಿಯಾಗಿಯೇ ಬರುತ್ತವೆ. ಚರಕಸಂಹಿತೆ ಶರೀರ, ಮನಸ್ಸು ಎರಡನ್ನೂ ರೋಗದ ಆಶ್ರಯವೆಂದು ಹೇಳುತ್ತದೆ. ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆಧುನಿಕ ಅಧ್ಯಯನಗಳೂ ಇದಕ್ಕೆ ವಿರುದ್ಧ ಹೇಳುವುದಿಲ್ಲ. ಹಲವು ದೀರ್ಘಕಾಲದ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ‘ಡಯಾಬಿಟಿಸ್ ಕೇರ್’ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಖಿನ್ನತೆ ಇರುವವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಂಭವ ಇಲ್ಲದವರಿಗಿಂತ ಶೇ. 60ರಷ್ಟು ಹೆಚ್ಚು. 52 ದೇಶಗಳಲ್ಲಿ ನಡೆದು 2004ರಲ್ಲಿ ಹೊರಬಂದ ‘ಇಂಟರ್‌ಹಾರ್ಟ್’ ಅಧ್ಯಯನವು ಧೂಮಪಾನ, ರಕ್ತದೊತ್ತಡ, ಮಧುಮೇಹಗಳ ಸಾಲಿನಲ್ಲೇ ಮಾನಸಿಕ, ಸಾಮಾಜಿಕ ಒತ್ತಡಗಳನ್ನೂ ಹೃದಯಾಘಾತದ ಮುಖ್ಯ ಅಪಾಯಗಳಾಗಿ ಎಣಿಸಿತು. ದೇಹದೊಳಗೆ ನಡೆಯುವುದೂ ಗುಟ್ಟೇನಲ್ಲ. ಹೆದರಿಕೆ, ಆತಂಕ ಹೆಚ್ಚಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಏರುತ್ತವೆ. ಅವು ಯಕೃತ್ತಿನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವೆ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ, ಎದೆಬಡಿತ ಏರಿಸುತ್ತವೆ. ಆದ್ದರಿಂದ ಜಗಲಿಯ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ಆ ಮಾತಾಡಿದವರಿಗಿಂತ ಹೆಚ್ಚು ತಿಳಿದವರೇನಲ್ಲ.

ತೊಡಕು ಇರುವುದು ಬೇರೆಡೆ. ‘ಟೆನ್ಶನ್‌ನಿಂದ ಶುಗರ್ ಬಂತು, ಯೋಚನೆ ಬಿಡು’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಹೇಳಿಕೆಗಳು ಅಡಗಿವೆ.

1. ಮನಸ್ಸಿನ ಸಂಕಟ ಮೈಯ ಕಾಯಿಲೆಯ ಸಂಭವವನ್ನು ಹೆಚ್ಚಿಸುತ್ತದೆ.

2. ಜಗಲಿಯಲ್ಲಿ ಕೂತ ಈ ಹೆಂಗಸಿನ ಕಾಯಿಲೆಗೆ ಈಕೆಯ ಸಂಕಟವೇ ಕಾರಣ.

3. ಸಂಕಟ ಬಿಡುವುದು ಈಕೆಯ ಕೈಯಲ್ಲೇ ಇದೆ. ಬಿಟ್ಟರೆ ಕಾಯಿಲೆ ಇಳಿಯುತ್ತದೆ.

ಮೊದಲನೆಯದಕ್ಕೆ ಆಧಾರವಿದೆ. ಅದು ನಿಜವಾದ ಮಾತ್ರಕ್ಕೆ ಎರಡನೆಯದು ನಿಜವಾಗುವುದಿಲ್ಲ, ಎರಡೂ ನಿಜವಾದರೂ ಮೂರನೆಯದು ನಿಜವಾಗಬೇಕಿಲ್ಲ. ಆದರೆ ಮಾತಿನ ಓಟದಲ್ಲಿ ಮೊದಲನೆಯದರ ಬಲ ಮಿಕ್ಕ ಎರಡಕ್ಕೂ ಸಿಕ್ಕಿಬಿಡುತ್ತದೆ.

ಎರಡನೆಯದನ್ನು ಲೆಕ್ಕ ಹಾಕಿಯೇ ನೋಡಬಹುದು. ಖಿನ್ನತೆ ಇಲ್ಲದ 100 ಮಂದಿಯಲ್ಲಿ ಹತ್ತು ವರ್ಷದೊಳಗೆ 10 ಮಂದಿಗೆ ಮಧುಮೇಹ ಬರುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಶೇ. 60 ಹೆಚ್ಚು ಎಂದರೆ ಖಿನ್ನತೆ ಇರುವ 100 ಮಂದಿಯಲ್ಲಿ 16 ಮಂದಿಗೆ ಬರುತ್ತದೆ. ಆ 16ರಲ್ಲಿ 10 ಮಂದಿಗೆ ಖಿನ್ನತೆ ಇಲ್ಲದಿದ್ದರೂ ಬರುತ್ತಿತ್ತು. 84 ಮಂದಿಗೆ ಖಿನ್ನತೆ ಇದ್ದೂ ಬರಲಿಲ್ಲ. ಮಿಕ್ಕ ಆರು ಮಂದಿ ಯಾರು ಎಂದು ಯಾವ ರಕ್ತಪರೀಕ್ಷೆಯೂ ಬೊಟ್ಟು ಮಾಡಿ ತೋರಿಸಲಾರದು. ಆ ಆರು ಮಂದಿಯಲ್ಲೂ ಬಡತನ, ನಿದ್ದೆಗೇಡು, ಮನೆತನದಲ್ಲಿ ಹರಿದುಬಂದ ಕಾಯಿಲೆಯಂಥ ಮೂರನೆಯ ಕಾರಣವೊಂದು ಖಿನ್ನತೆಯನ್ನೂ ಮಧುಮೇಹವನ್ನೂ ಒಟ್ಟಿಗೇ ತಂದಿರಬಹುದು. ಊರಿನ ಬಗ್ಗೆ ನಿಜವಾದ ಮಾತನ್ನು ಒಬ್ಬಳ ತಲೆಗೆ ಕಟ್ಟುವುದೆಂದರೆ ಆಕೆಯ ಮೇಲೆ ರುಜುವಾತಿಲ್ಲದ ಆರೋಪ ಹೊರಿಸಿದಂತೆ. ಆ ಆರೋಪದ ಭಾರ ಸಣ್ಣದಲ್ಲ. ‘ನಾನೇ ತಂದುಕೊಂಡೆ’ ಎಂದು ನಂಬಿದವಳಿಗೆ ಕಾಯಿಲೆಯ ಜೊತೆಗೆ ತಪ್ಪಿತಸ್ಥಳೆಂಬ ನೋವೂ ಅಂಟಿಕೊಳ್ಳುತ್ತದೆ.

ಮೂರನೆಯ ಹೇಳಿಕೆಯ ದೋಷ ಇನ್ನೂ ಆಳದ್ದು. ‘ಬಿಡು’ ಎಂದರೆ ಬಿಡಲು ಬರುವುದು ಕೈಯಲ್ಲಿ ಹಿಡಿದ ವಸ್ತುವನ್ನು. ಖಿನ್ನತೆ ನಾವು ಹಿಡಿದುಕೊಂಡದ್ದಲ್ಲ, ಅದೇ ನಮ್ಮನ್ನು ಹಿಡಿದಿರುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಉಣ್ಣುವ ತುತ್ತಿನಲ್ಲೂ ಮೊಮ್ಮಗುವಿನ ನಗುವಿನಲ್ಲೂ ಸುಖ ಕಾಣದಿರುವುದು, ಎದ್ದು ಒಂದು ಬಿಂದಿಗೆ ನೀರು ತರುವುದೂ ಬೆಟ್ಟ ಹೊತ್ತಂತಾಗುವುದು ಇಚ್ಛೆಯಿಂದ ಆಗುವಂಥವಲ್ಲ. ಹಾಗಾಗಿ ಇಚ್ಛೆಯಿಂದ ಹೋಗುವಂಥವೂ ಅಲ್ಲ. ಇನ್ನೊಂದು ಪೆಟ್ಟು ತಡವಾಗಿ ಬೀಳುತ್ತದೆ. ಯೋಚನೆಯೇ ಕಾರಣವಾದರೆ ಮಾತ್ರೆ ಏಕೆ ಎಂದು ಕೆಲವರು ಮಾತ್ರೆ ನಿಲ್ಲಿಸುತ್ತಾರೆ. ಮಧುಮೇಹ ನೋವಿಲ್ಲದೆ ಕೆಲಸ ಮಾಡುವ ಕಾಯಿಲೆ. ಮಾತ್ರೆ ಬಿಟ್ಟ ತಿಂಗಳು ದೊಡ್ಡದೇನೂ ಕಾಣದಿರಬಹುದು, ಕಣ್ಣು, ಮೂತ್ರಪಿಂಡ, ಪಾದಗಳ ಲೆಕ್ಕ ವರ್ಷಗಳ ಮೇಲೆ ಬರುತ್ತದೆ.

ಇಂಥ ಗೊಂದಲದ ಬೆಲೆ ಎಷ್ಟು ಎಂಬುದಕ್ಕೆ ವೈದ್ಯಕೀಯದಲ್ಲೇ ಪಾಠವಿದೆ. ಇಪ್ಪತ್ತನೇ ಶತಮಾನದ ಬಹುಭಾಗ ಹೊಟ್ಟೆಹುಣ್ಣನ್ನು ಚಿಂತೆಯ ಕಾಯಿಲೆ ಎಂದೇ ಭಾವಿಸಲಾಗಿತ್ತು. ಖಾರ ಬಿಡಿ, ಚಿಂತೆ ಬಿಡಿ, ಹಾಲು ಕುಡಿಯಿರಿ ಎಂಬುದೇ ಉಪದೇಶ. 1982ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಜಠರದ ಒಳಪದರದಿಂದ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾವನ್ನು ತೆಗೆದು ಬೆಳೆಸಿ ತೋರಿಸಿದರು. ಸಹೋದ್ಯೋಗಿಗಳು ನಂಬದಿದ್ದಾಗ, 1984ರಲ್ಲಿ, ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ‘ಚಿಂತೆ ಬಿಡಿ’ ಎಂದು ದಶಕಗಳ ಕಾಲ ಹೇಳಿಸಿಕೊಂಡ ಅಸಂಖ್ಯ ರೋಗಿಗಳಿಗೆ ಬೇಕಿದ್ದದ್ದು ಎರಡು ವಾರದ ಆಂಟಿಬಯಾಟಿಕ್. ಆದರೂ ಈ ಕಥೆಯನ್ನು ಇನ್ನೊಂದು ಅತಿಗೆ ಎಳೆಯುವುದು ತಪ್ಪು. ಆ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಹುಣ್ಣಾಗುವುದಿಲ್ಲ. ಮಾನಸಿಕ ಒತ್ತಡ ಹೆಚ್ಚಿದ್ದವರಲ್ಲಿ ಹುಣ್ಣು ಹೆಚ್ಚು ಕಂಡಿತು, ಅದು ಬ್ಯಾಕ್ಟೀರಿಯಾ ಇದ್ದವರಲ್ಲೂ ಇಲ್ಲದವರಲ್ಲೂ ಹೌದು ಎಂದು ಡೆನ್ಮಾರ್ಕಿನ ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅಂದರೆ ಸಂಕಟಕ್ಕೂ ಪಾತ್ರವಿದೆ. ಆದರೆ ಅದರ ನೆಪದಲ್ಲಿ ಮಿಕ್ಕ ಕಾರಣ ಹುಡುಕುವುದನ್ನು ನಿಲ್ಲಿಸುವ ಹಕ್ಕು ಯಾರಿಗೂ ಇಲ್ಲ.

ಈಗ ಎದುರು ದಿಕ್ಕಿನ ನಂಬಿಕೆಗೆ ಬರೋಣ. ಅದು ಹೆಚ್ಚು ಕರುಣೆಯ ಮಾತಿನಂತೆ ಕೇಳುತ್ತದೆ: ‘ಅಷ್ಟು ಕಾಯಿಲೆ ಇಟ್ಟುಕೊಂಡು ದುಃಖ ಆಗದೆ ಇರುತ್ತಾ? ಸಹಜ.’ ಇದರಲ್ಲೂ ಅರ್ಧ ನಿಜವಿದೆ. ಮೇಲೆ ಹೇಳಿದ 2008ರ ವಿಶ್ಲೇಷಣೆಯೇ ತಿರುವುಮುರುವಾಗಿ ನೋಡಿ, ಮಧುಮೇಹ ಇರುವವರಿಗೆ ಖಿನ್ನತೆ ಬರುವ ಸಂಭವ ಶೇ. 15ರಷ್ಟು ಹೆಚ್ಚು ಎಂದು ಕಂಡಿತ್ತು. ಆದರೆ ದಿನವೂ ಮಾತ್ರೆ, ಊಟದ ಲೆಕ್ಕ, ಪಾದದ ಉರಿ, ಮುಂದೇನೋ ಎಂಬ ಭಯ, ಇವುಗಳಿಂದ ಬರುವ ದಣಿವು ಖಿನ್ನತೆಯಲ್ಲ, ಅದು ಬೇರೆಯೇ ಒಂದು ಸಂಕಟ. ವಿಲಿಯಂ ಪೊಲೊನ್‌ಸ್ಕಿ ಮತ್ತು ಸಂಗಡಿಗರು 1995ರಲ್ಲಿ ಅದನ್ನು ಅಳೆಯುವ ಪ್ರಶ್ನಾವಳಿಯನ್ನೇ ಮಾಡಿದರು. ಈ ಭೇದ ಮುಖ್ಯ. ಕಾಯಿಲೆಯ ದಣಿವಿಗೆ ಬೇಕಾದ್ದು ತಿಳಿಹೇಳುವ ನರ್ಸು, ಮನೆಯವರ ಕೈಜೋಡಣೆ, ಸರಳವಾದ ಔಷಧಕ್ರಮ. ಖಿನ್ನತೆಗೆ ಬೇಕಾದ್ದು ಆಪ್ತಸಮಾಲೋಚನೆ, ಕೆಲವೊಮ್ಮೆ ಮಾತ್ರೆ. ಆದರೆ ‘ಸಹಜ’ ಎಂಬ ಪದ ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಡುತ್ತದೆ. ಸಹಜವಾದದ್ದಕ್ಕೆ ಚಿಕಿತ್ಸೆ ಬೇಡ ಎಂಬ ತರ್ಕ ಎಲ್ಲಿಯದು? ತೆಂಗಿನ ಮರದಿಂದ ಬಿದ್ದವನ ಮೂಳೆ ಮುರಿಯುವುದೂ ಸಹಜವೇ. ಕಾರಣ ಕಣ್ಣಿಗೆ ಕಾಣುತ್ತದೆಂದು ನಾವು ಪಟ್ಟಿ ಕಟ್ಟುವುದನ್ನು ಬಿಡುತ್ತೇವೆಯೇ?

ನೋಡಿ, ಎರಡೂ ನಂಬಿಕೆಗಳು ಒಂದಕ್ಕೊಂದು ಎದುರಾಗಿ ಹೊರಟರೂ ಬಂದು ಸೇರುವುದು ಒಂದೇ ಕಡೆ. ಸಂಕಟವೇ ಕಾಯಿಲೆ ತಂದಿತು ಎಂದರೂ ಕಾಯಿಲೆಯೇ ಸಂಕಟ ತಂದಿತು ಎಂದರೂ, ಸಂಕಟಕ್ಕೆ ಚಿಕಿತ್ಸೆ ಮಾತ್ರ ಇಲ್ಲ. ಯಾವುದು ಮೊದಲು ಎಂಬ ಪ್ರಶ್ನೆ ಸಂಶೋಧಕರಿಗೆ ಬೇಕು. ಎದುರಿಗೆ ಕೂತ ರೋಗಿಗೆ ಈಗ ಏನು ಮಾಡಬೇಕು ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ವ್ಯಾಜ್ಯ ತೀರಿಸುವ ಬೇರೊಂದು ದಾರಿಗೆ ಸಾಕ್ಷಿಯಾಗಿ ಕಲ್ಯದಲ್ಲೇ 1368ರ ಒಂದು ಶಾಸನವಿದೆ. ವಿಜಯನಗರದ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ಇದ್ದ ವ್ಯಾಜ್ಯ ತೀರಿಸಿದ ಸಂದರ್ಭದ್ದು, ಇಂಥದೇ ಶಾಸನ ಶ್ರವಣಬೆಳಗೊಳದಲ್ಲೂ ಉಂಟು. ಒಂದು ದರ್ಶನಕ್ಕಾದ ಹಾನಿಯನ್ನು ಇನ್ನೊಂದರವರು ತಮಗಾದ ಹಾನಿಯೆಂದೇ ಎಣಿಸಬೇಕು ಎಂಬುದು ಆ ತೀರ್ಪಿನ ತಿರುಳು. ಅದು ಧರ್ಮದ ಮಾತು, ವೈದ್ಯದ್ದಲ್ಲ. ಆದರೂ ಮೈ ಮನಸ್ಸುಗಳ ವ್ಯಾಜ್ಯಕ್ಕೆ ಇದಕ್ಕಿಂತ ಒಳ್ಳೆಯ ನಡೆ ನನಗೆ ತೋಚುತ್ತಿಲ್ಲ.

ಹಾನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ದಾಟುತ್ತದೆ ಎಂದು ಹತ್ತಿರದಿಂದ ನೋಡಬೇಕಾದರೆ ಈ ಸೀಮೆಯ ರೇಷ್ಮೆ ಹುಳುಮನೆಗೆ ಹೋಗಬೇಕು. ಆರು ವರ್ಷದಿಂದ ಶುಗರ್ ಇರುವ, ರೇಷ್ಮೆ ಸಾಕುವ ಒಬ್ಬ ಹೆಂಗಸನ್ನು ಊಹಿಸಿಕೊಳ್ಳೋಣ. ಹುಳು ನಾಲ್ಕನೇ ಜ್ವರ ಎದ್ದಿದೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿದೆ. ಒಂದು ಬೆಳೆಯಲ್ಲಿ ಹುಳು ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಈ ಕೊನೆಯ ವಾರದಲ್ಲೇ ಖರ್ಚಾಗುತ್ತದೆ. ರಾತ್ರಿಯೂ ಎದ್ದು ಸೊಪ್ಪು ಹಾಕಬೇಕು. ಸಪ್ಪೆರೋಗವೋ ಸುಣ್ಣಕಟ್ಟೋ ತಗುಲಿದರೆ ತಟ್ಟೆಗಟ್ಟಲೆ ಹುಳು ಎತ್ತಿ ಹೊರಗೆ ಹಾಕಬೇಕು. ಗೂಡು ಕಟ್ಟಿದ ಮೇಲೂ ರಾಮನಗರದ ಮಾರುಕಟ್ಟೆಯಲ್ಲಿ ಆ ದಿನದ ಹರಾಜು ಎಷ್ಟಕ್ಕೆ ನಿಲ್ಲುತ್ತದೋ ಗೊತ್ತಿಲ್ಲ. ಆ ವಾರ ಆಕೆ ಬೆಳಗಿನ ಮಾತ್ರೆ ನುಂಗಿ ಊಟ ಮಧ್ಯಾಹ್ನಕ್ಕೆ ತಳ್ಳುತ್ತಾಳೆ. ಕೆಲವು ಬಗೆಯ ಮಾತ್ರೆಗಳಿಗೆ ಇಷ್ಟೇ ಸಾಕು, ಸಕ್ಕರೆ ಕೆಳಗಿಳಿದು ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ. ಮನೆಯವರು ಅದನ್ನು ‘ಗಾಬರಿ’ ಎನ್ನುತ್ತಾರೆ. ಹೆದರಿ ಆಕೆ ಮರುದಿನದಿಂದ ಮಾತ್ರೆ ಬಿಡುತ್ತಾಳೆ. ಈಗ ಸಕ್ಕರೆ ಏರುತ್ತದೆ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಬೇಕು, ಸೊಪ್ಪು ಹಾಕಿ ಉಳಿದ ಚೂರು ನಿದ್ದೆಯೂ ಹೋಯಿತು. ನಿದ್ದೆ ಕೆಟ್ಟ ಮೈಯಲ್ಲಿ ಇನ್ಸುಲಿನ್ ಇನ್ನೂ ಮಂದವಾಗುತ್ತದೆ, ನಿದ್ದೆ ಕೆಟ್ಟ ಮನಸ್ಸು ಸಣ್ಣ ಮಾತಿಗೂ ಮುರಿಯುತ್ತದೆ. ಬೆಳೆ ಕೆಟ್ಟರೆ ಸಾಲದ ಬಡ್ಡಿ, ಬಡ್ಡಿ ಕಟ್ಟಲಾಗದ್ದಕ್ಕೆ ಅವಮಾನ, ಅವಮಾನದಿಂದ ನಾಲ್ಕು ಜನರ ನಡುವೆ ಹೋಗದಿರುವುದು, ಹೋಗದ್ದರಿಂದ ಆಸ್ಪತ್ರೆಯೂ ತಪ್ಪುವುದು. ಇದರಲ್ಲಿ ಎಲ್ಲಿ ಗೆರೆ ಎಳೆದು ಇಲ್ಲಿಯವರೆಗೆ ಮೈ, ಇಲ್ಲಿಂದ ಮನಸ್ಸು ಎನ್ನುತ್ತೀರಿ? ಗೆರೆ ಸಿಗದಿದ್ದರೂ ಕೈಹಾಕಬಹುದಾದ ಜಾಗಗಳು ಮಾತ್ರ ಸ್ಪಷ್ಟವಾಗಿವೆ: ಮಾತ್ರೆಯ ಬಗೆ ಬದಲಿಸಬಹುದು, ಊಟದ ಹೊತ್ತು ಗೊತ್ತುಮಾಡಬಹುದು, ರಾತ್ರಿಯ ಸರದಿಗೆ ಗಂಡನನ್ನೋ ಮಗನನ್ನೋ ಒಪ್ಪಿಸಬಹುದು, ಖಿನ್ನತೆ ಇದೆಯೇ ಎಂದು ಕೇಳಬಹುದು.

ಔಷಧಗಳೂ ಈ ದಾರಿಯಲ್ಲಿ ಎರಡೂ ಕಡೆ ಓಡಾಡುತ್ತವೆ. ನಮ್ಮ ಸರ್ಪಗಂಧದ ಬೇರನ್ನು 1931ರಲ್ಲಿ ಕಲ್ಕತ್ತೆಯ ಸೇನ್ ಮತ್ತು ಬೋಸ್ ಎಂಬ ವೈದ್ಯರು ಉನ್ಮಾದಕ್ಕೂ ಏರಿದ ರಕ್ತದೊತ್ತಡಕ್ಕೂ ಮದ್ದೆಂದು ವರದಿ ಮಾಡಿದರು. ಒಂದೇ ಬೇರು, ಎರಡು ಕಾಯಿಲೆ. ಅದರಿಂದ ತೆಗೆದ ರೆಸರ್ಪಿನ್ ಐವತ್ತರ ದಶಕದಲ್ಲಿ ಜಗತ್ತಿನಾದ್ಯಂತ ಬಿಪಿ ಮಾತ್ರೆಯಾಯಿತು. ಅದನ್ನು ನುಂಗಿದ ಕೆಲವರು ಖಿನ್ನರಾದರೆಂಬ ವರದಿಗಳೂ ಬಂದವು, ಆ ನಂಟು ಎಷ್ಟು ಗಟ್ಟಿ ಎಂಬ ಚರ್ಚೆ ಮುಂದೆ ನಡೆಯಿತು. ಇತ್ತ ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಒಲಾಂಜಪಿನ್, ಕ್ಲೊಜಪಿನ್ ತೂಕ ಏರಿಸಿ ಮಧುಮೇಹ ತರಬಲ್ಲವು. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ, ಹೆಚ್ಚಿನ ಸಾವುಗಳಿಗೆ ಕಾರಣ ಮೈಯ ಕಾಯಿಲೆಗಳೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ‘ಮಾನಸಿಕ’ ಎಂದು ಒಮ್ಮೆ ಹೆಸರು ಬಿದ್ದವನ ಎದೆನೋವನ್ನು ಯಾರೂ ನಂಬುವುದಿಲ್ಲ. ಅಂಥ ಹೆಸರು ಬೀಳದವರಿಗೂ ಇದು ತಪ್ಪದು. ನೂಲು ಬಿಚ್ಚುವ ಫಿಲೇಚರುಗಳಲ್ಲಿ ಬಿಸಿನೀರಿನ ಆವಿ, ಸತ್ತ ಕೋಶದ ವಾಸನೆಯ ನಡುವೆ ದುಡಿಯುವವರಿಗೆ ರೇಷ್ಮೆಯ ಪ್ರೋಟೀನಿನ ಒಗ್ಗದಿಕೆಯಿಂದ ಉಬ್ಬಸ ಬರುವುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಸಂಗತಿ. ಅಂಥ ಹೆಂಗಸು ಉಸಿರು ಕಟ್ಟುತ್ತದೆ ಎಂದಾಗ ಎದೆಗೆ ಸ್ಟೆತಸ್ಕೋಪ್ ಇಡುವ ಮೊದಲೇ ‘ಗಾಬರಿ ಬೀಳಬೇಡಮ್ಮ’ ಎಂದರೆ, ಅದು ಸಮಾಧಾನವಲ್ಲ, ಅನ್ಯಾಯ.

ನನ್ನ ವಾದಕ್ಕೆ ಮೂರು ಆಕ್ಷೇಪಗಳನ್ನು ನಿರೀಕ್ಷಿಸಬಹುದು. ಮೊದಲನೆಯದು ಅಳತೆಯದು. ಖಿನ್ನತೆ ಗುರುತಿಸಲು ಬಳಸುವ ಒಂಬತ್ತು ಪ್ರಶ್ನೆಗಳ ‘ಪಿಎಚ್‌ಕ್ಯೂ-9’ ನಿದ್ದೆ, ಸುಸ್ತು, ಹಸಿವುಗಳನ್ನೂ ಕೇಳುತ್ತದೆ. ಇವು ಮಧುಮೇಹದಲ್ಲೂ ಥೈರಾಯಿಡ್ ಕೊರತೆಯಲ್ಲೂ ಕೆಡುವಂಥವೇ. ಹಾಗಾಗಿ ನಂಟು ಇರುವುದಕ್ಕಿಂತ ದೊಡ್ಡದಾಗಿ ಕಾಣಬಹುದು. ಒಪ್ಪಿದೆ. ಪ್ರಶ್ನಾವಳಿ ಜರಡಿಯಷ್ಟೇ, ತೀರ್ಪಲ್ಲ. ಆದರೆ ಅದೇ ಪಟ್ಟಿಯಲ್ಲಿ ಯಾವುದರಲ್ಲೂ ಸಂತೋಷವಿಲ್ಲದಿರುವುದು, ತಾನು ನಿಷ್ಪ್ರಯೋಜಕಿ ಎನಿಸುವುದು, ಸತ್ತರೆ ಮೇಲು ಎನಿಸುವುದು ಇವೆ. ಸಕ್ಕರೆ ಎಷ್ಟೇ ಏರಿದರೂ ಅದರ ಲಕ್ಷಣಗಳ ಪಟ್ಟಿಯಲ್ಲಿ ಇವು ಬರುವುದಿಲ್ಲ.

ಎರಡನೆಯದು ಗಟ್ಟಿಯಾದದ್ದು. ಸಾಲದಿಂದ ಬಂದ ಸಂಕಟಕ್ಕೆ ಮಾತ್ರೆ ಕೊಡುವುದೆಂದರೆ ಅನ್ಯಾಯವನ್ನು ರೋಗವಾಗಿ ತಿರುಗಿಸಿದಂತೆ ಅಲ್ಲವೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ನೋಡಲಾರೆ. ಗೂಡಿನ ಬೆಲೆ ಕುಸಿದದ್ದಕ್ಕೆ, ಕುಡುಕ ಗಂಡನ ಹೊಡೆತಕ್ಕೆ, ಮೀಟರ್ ಬಡ್ಡಿಗೆ ಔಷಧದಂಗಡಿಯಲ್ಲಿ ಪರಿಹಾರವಿಲ್ಲ. ಇದೆ ಎನ್ನುವ ವೈದ್ಯ ತನ್ನ ಕೆಲಸದ ಎಲ್ಲೆ ಮೀರಿದ್ದಾನೆ. ಆದರೆ ಆಕ್ಷೇಪದೊಳಗೆ ಒಂದು ಊಹೆ ಸದ್ದಿಲ್ಲದೆ ಕೂತಿದೆ: ಚಿಕಿತ್ಸೆ ಸಿಕ್ಕವಳು ಅನ್ಯಾಯವನ್ನು ಮರೆಯುತ್ತಾಳೆ ಎಂದು. ಅನುಭವ ಹೇಳುವುದು ಬೇರೆ. ಖಿನ್ನತೆಯಲ್ಲಿ ಕುಸಿದವಳಿಗೆ ಬ್ಯಾಂಕಿನ ಮೆಟ್ಟಿಲು ಹತ್ತುವ, ಸ್ತ್ರೀಶಕ್ತಿ ಸಂಘದಲ್ಲಿ ದನಿ ಎತ್ತುವ, ಠಾಣೆಗೆ ಹೋಗುವ ತ್ರಾಣವೇ ಉಳಿದಿರುವುದಿಲ್ಲ. ಮಲೇರಿಯಾ ಬಂದವನಿಗೆ ಊರಿನ ಚರಂಡಿ ಸರಿಯಾಗುವವರೆಗೂ ಮದ್ದು ಬೇಡ ಎನ್ನುವುದಿಲ್ಲವಷ್ಟೆ. ಚರಂಡಿಯೂ ಬೇಕು, ಮದ್ದೂ ಬೇಕು.

ಮೂರನೆಯ ಆಕ್ಷೇಪ ಫಲಿತಾಂಶದ್ದು. ಹೃದಯಾಘಾತವಾದ ಸುಮಾರು 2,500 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ‘ಎನ್‌ರಿಚ್ಡ್’ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಮನೋಚಿಕಿತ್ಸೆ ಸಿಕ್ಕವರ ಖಿನ್ನತೆ ತಗ್ಗಿತು, ಆದರೆ ಸಾವಾಗಲಿ ಮತ್ತೊಮ್ಮೆ ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲ. ಹಾಗಿದ್ದರೆ ಏನು ಪ್ರಯೋಜನ ಎನ್ನುವವರಿದ್ದಾರೆ. ಇದು ಉರುಳಿಸುವುದು ನನ್ನ ವಾದವನ್ನಲ್ಲ, ಮೇಲಿನ ಮೂರನೆಯ ಹೇಳಿಕೆಯನ್ನು. ಮನಸ್ಸು ಹಗುರಾದರೆ ಹೃದಯ ತಾನಾಗಿ ವಾಸಿಯಾಗುತ್ತದೆ ಎಂಬ ಭರವಸೆಗೆ ಇಲ್ಲಿ ಆಧಾರ ಸಿಗಲಿಲ್ಲ. ಖಿನ್ನತೆ ತಗ್ಗಿದ್ದೇ ಒಂದು ಫಲವಲ್ಲವೇ? ಹಲ್ಲುನೋವಿಗೆ ಮದ್ದು ಕೊಡುವಾಗ ಅದರಿಂದ ಬಿಪಿ ಇಳಿಯಿತೇ ಎಂದು ಕೇಳುವವರು ಯಾರೂ ಇಲ್ಲ. ಮನಸ್ಸಿನ ನೋವಿಗೆ ಮಾತ್ರ ತನ್ನ ಚಿಕಿತ್ಸೆ ಬೇಕಾದರೆ ಮೈಗೂ ಲಾಭ ತೋರಿಸು ಎಂಬ ಷರತ್ತು. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಟ್ಟಾಗ ಏನಾಗುತ್ತದೆ ಎಂಬುದು ಇನ್ನೊಂದು ಪ್ರಶ್ನೆ, ಅದಕ್ಕೆ ನಮ್ಮ ದೇಶದಲ್ಲೇ ಉತ್ತರವಿದೆ. ಭಾರತದ 4 ನಗರ ಚಿಕಿತ್ಸಾಲಯಗಳಲ್ಲಿ, ಖಿನ್ನತೆಯೂ ಹತೋಟಿ ತಪ್ಪಿದ ಮಧುಮೇಹವೂ ಇದ್ದ 404 ಮಂದಿಯ ಮೇಲೆ ನಡೆದ ‘ಇಂಡಿಪೆಂಡೆಂಟ್’ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಒಂದು ಗುಂಪಿನಲ್ಲಿ ತರಬೇತಿ ಪಡೆದ ಸಂಯೋಜಕರೊಬ್ಬರು ರೋಗಿಯ ಬೆನ್ನಿಗೆ ನಿಂತು ಎರಡೂ ಕಾಯಿಲೆಗಳ ಲೆಕ್ಕ ಇಟ್ಟರು, ತಜ್ಞರು ಆಗಾಗ ಪರಿಶೀಲಿಸಿದರು. 24 ತಿಂಗಳ ಕೊನೆಗೆ, ಖಿನ್ನತೆ ಅರ್ಧಕ್ಕಾದರೂ ಇಳಿದು ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು ಈ ಗುಂಪಿನಲ್ಲಿ ಶೇ. 71.6, ಎಂದಿನ ಆರೈಕೆಯ ಗುಂಪಿನಲ್ಲಿ ಶೇ. 57.4.

ನಗರದಲ್ಲಾದದ್ದು ಹಳ್ಳಿಯಲ್ಲಿ ಆಗುತ್ತದೆಯೇ? ಮಾಗಡಿಯೂ ಸೇರಿದ್ದ ಆಗಿನ ರಾಮನಗರ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನೇ ಹಿಡಿದು ಕೆಲಸ ನಡೆದಿದೆ ಎಂಬುದು ಇಲ್ಲಿನ ಎಷ್ಟೋ ಓದುಗರಿಗೆ ಗೊತ್ತಿರಲಾರದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಜಿಲ್ಲೆಯ ಸುಮಾರು 50 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ‘ಹೋಪ್’ ಎಂಬ ಪ್ರಯೋಗ ಕೈಗೊಂಡಿತು. ಅದರ ರೂಪುರೇಷೆ 2018ರಲ್ಲಿ ಪ್ರಕಟವಾಯಿತು. ಖಿನ್ನತೆ ಅಥವಾ ಆತಂಕದ ಜೊತೆಗೆ ಬಿಪಿ, ಮಧುಮೇಹದಂಥ ಕಾಯಿಲೆ ಇದ್ದವರಿಗೆ ಅದೇ ಕೇಂದ್ರದಲ್ಲಿ, ಅದೇ ವೈದ್ಯರಿಂದ, ಎರಡಕ್ಕೂ ಆರೈಕೆ ಸಿಗುವಂತೆ ಸಿಬ್ಬಂದಿಗೆ ತರಬೇತಿ ಕೊಡುವುದು ಅದರ ಬಗೆ. ಇದು ಬರಿಗೈಯಲ್ಲಿ ಹುಟ್ಟಿದ ಕಲ್ಪನೆಯೂ ಅಲ್ಲ. ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೇ ತಯಾರು ಮಾಡಿ ತೋರಿಸಿದ್ದು 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇದ್ದ ಐವರಲ್ಲಿ ಸುಮಾರು ನಾಲ್ವರು ಚಿಕಿತ್ಸೆಯ ಹೊರಗೇ ಇದ್ದರು. ನಮ್ಮ ವ್ಯವಸ್ಥೆಯೇ ಮೈಗೊಂದು ಸಾಲು, ಮನಸ್ಸಿಗೊಂದು ಸಾಲು ಮಾಡಿರುವುದು ಇದಕ್ಕೊಂದು ಕಾರಣ. ಶುಗರ್ ಮಾತ್ರೆಗೆ ಒಂದು ದಿನ, ತಾಲ್ಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ನೋಡುವ ‘ಮನೋಚೈತನ್ಯ’ಕ್ಕೆ ಮಂಗಳವಾರ. ಎರಡು ದಿನದ ಕೂಲಿ, ಎರಡು ಸಲದ ಬಸ್ಸು ಖರ್ಚು. ಮೇಲಾಗಿ ಮಂಗಳವಾರದ ಸಾಲಿನಲ್ಲಿ ನಿಂತದ್ದನ್ನು ಊರಿನವರು ಕಂಡರೆ ಎಂಬ ಅಂಜಿಕೆ.

ಎರಡು ಸಾಲನ್ನು ಒಂದು ಮಾಡುವ ಸಾಧನ ಈಗಾಗಲೇ ಆಶಾ ಕಾರ್ಯಕರ್ತೆಯ ಕೈಚೀಲದಲ್ಲಿದೆ. 30 ದಾಟಿದವರ ಮನೆಗೆ ಹೋಗಿ ಆಕೆ ತುಂಬುವ ಸಮುದಾಯ ಆಧಾರಿತ ತಪಾಸಣಾ ನಮೂನೆಯಲ್ಲಿ ಸೊಂಟದ ಸುತ್ತಳತೆ, ಹೊಗೆಸೊಪ್ಪು, ಕುಡಿತಗಳ ಜೊತೆಗೆ ಮನಸ್ಸಿನ ಎರಡು ಪ್ರಶ್ನೆಗಳೂ ಇವೆ: ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ ಅನ್ನಿಸಿತ್ತೇ, ಮನಸ್ಸು ಕುಗ್ಗಿತ್ತೇ ಎಂದು. ಈ ಎರಡು ಪ್ರಶ್ನೆಗಳು ಯಾವುದು ಮೊದಲು ಎಂದು ಕೇಳುವುದಿಲ್ಲ, ತಪ್ಪು ಯಾರದು ಎಂದೂ ಕೇಳುವುದಿಲ್ಲ. ಆದರೆ ನಡುಮನೆಯಲ್ಲಿ ಅತ್ತೆ, ಗಂಡ, ಪಕ್ಕದ ಮನೆಯವರು ಕೂತಿರುವಾಗ ಕೇಳಿದರೆ ಬರುವ ಉತ್ತರ ‘ಅಂಥದ್ದೇನೂ ಇಲ್ಲ ಕಣಮ್ಮ.’ ಅದೇ ಪ್ರಶ್ನೆಯನ್ನು ಹುಳುಮನೆಯೊಳಗೆ, ಆಕೆಯ ಜೊತೆ ತಾನೂ ನಾಲ್ಕು ಹಿಡಿ ಸೊಪ್ಪು ಹರಡುತ್ತ, ಅವಸರವಿಲ್ಲದೆ ಕೇಳಿದರೆ ಉತ್ತರ ಬೇರೆಯಾಗಬಹುದು. ಅದನ್ನು ನಮೂನೆಯಲ್ಲಿ ಬರೆದುಕೊಂಡ ಮೇಲೆ, ಶುಗರ್ ಮಾತ್ರೆಗೆ ಆಕೆ ಬರುವ ದಿನವೇ, ಅದೇ ವೈದ್ಯರ ಮೇಜಿನ ಮೇಲೆ ಆ ಹಾಳೆ ಇರಬೇಕು.